ಬಿಟ್ಟುಕೊಡುವ ಬಂಧಗಳು: ಬಯಾಲಜಿ ಓದುವವರಿಗೆ ಬೇಕಾದಷ್ಟು ಕೆಮಿಸ್ಟ್ರಿ

ಡಿಎನ್‌ಎಯ ಪ್ರತಿಗಳನ್ನು ಮಾಡುವ ಪಿಸಿಆರ್ ಯಂತ್ರದಲ್ಲಿ ಡಿಎನ್‌ಎಯನ್ನು ಸುಮಾರು 95 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಅದರ ಎರಡು ಎಳೆಗಳು ಬೇರೆಯಾಗುತ್ತವೆ. ಬಯಾಲಜಿ ಓದಿದ ಯಾರನ್ನು ಕೇಳಿದರೂ ಇಷ್ಟು ಹೇಳುತ್ತಾರೆ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಕೇಳಿ ನೋಡಿ. ಎಳೆಗಳು ಬೇರೆಯಾದವು, ಸರಿ. ಆದರೆ ಅಷ್ಟು ಬಿಸಿಗೆ ಎಳೆಗಳೇ ಯಾಕೆ ತುಂಡು ತುಂಡಾಗಲಿಲ್ಲ? ಹೆಚ್ಚಿನವರು ಇಲ್ಲಿ ತಡವರಿಸುತ್ತಾರೆ. ಉತ್ತರ ಅವರಿಗೆ ಗೊತ್ತಿಲ್ಲ ಅಂತಲ್ಲ. ಆ ಉತ್ತರವನ್ನು ಅವರು ಕೆಮಿಸ್ಟ್ರಿ ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದಾರೆ, ಪ್ರಶ್ನೆ ಬಂದಿದ್ದು ಬಯಾಲಜಿ ಕಡೆಯಿಂದ. ಎರಡೂ ಒಂದನ್ನೊಂದು ಭೇಟಿಯಾಗಿಲ್ಲ, ಅಷ್ಟೇ.

ಒಂದು ಎಳೆಯ ಉದ್ದಕ್ಕೂ ಪರಮಾಣುಗಳನ್ನು ಹಿಡಿದಿಟ್ಟಿರುವುದು ಕೋವೇಲೆಂಟ್ ಬಂಧಗಳು, ಅಂದರೆ ಎಲೆಕ್ಟ್ರಾನ್ ಹಂಚಿಕೊಂಡು ಕಟ್ಟಿಕೊಂಡ ಗಟ್ಟಿ ಬಂಧಗಳು. ಎರಡು ಇಂಗಾಲದ ಪರಮಾಣುಗಳ ನಡುವಿನ ಅಂಥ ಒಂದು ಬಂಧವನ್ನು ಮುರಿಯಲು ಮೋಲ್‌ಗೆ (ಅಣುಗಳನ್ನು ಎಣಿಸುವ ಅಳತೆ, ಮುಂದೆ ನೋಡೋಣ) ಸುಮಾರು 350 ಕಿಲೋಜೂಲ್ ಬೇಕು. ಎಳೆಯಿಂದ ಎಳೆಗೆ ಇರುವುದು ಹೈಡ್ರೋಜನ್ ಬಂಧಗಳು. ಅವುಗಳ ಲೆಕ್ಕ 20 ಕಿಲೋಜೂಲ್ ಆಸುಪಾಸು, ನೀರಿನೊಳಗೆ ಇನ್ನೂ ಕಡಿಮೆ. ಇನ್ನು ಅಣುಗಳ ಕುಣಿತಕ್ಕೆ ಶಾಖದಿಂದ ಸಿಗುವ ಶಕ್ತಿ ಎಷ್ಟು? ಮೈಬಿಸಿಯಲ್ಲಿ ಮೋಲ್‌ಗೆ ಸುಮಾರು 2.6 ಕಿಲೋಜೂಲ್. 95 ಡಿಗ್ರಿಯಲ್ಲಿ ಸುಮಾರು 3. ಈ ಮೂರು ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಸಾಕು. 350ರ ಮುಂದೆ 3 ಏನೂ ಅಲ್ಲ. ಆದರೆ 20ಕ್ಕೂ 3ಕ್ಕೂ ಜಟಾಪಟಿ ಸಾಧ್ಯ. ಹಾಗಾಗಿ ಎಳೆಗಳು ಬಿಡುತ್ತವೆ, ಎಳೆಯೊಳಗಿನ ಬಂಧಗಳು ಅಲುಗುವುದಿಲ್ಲ. ತಣ್ಣಗಾದ ಮೇಲೆ ಅವೇ ಎಳೆಗಳು ಮತ್ತೆ ಜೋಡಿಯಾಗುತ್ತವೆ. ಎಳೆಗಳನ್ನು ಜೋಡಿಸಿಡುವುದರಲ್ಲಿ ಒಂದರ ಮೇಲೊಂದು ಕೂತ ಬೇಸ್‌ಗಳ (ಡಿಎನ್‌ಎಯ ಅಕ್ಷರಗಳ) ಪಾಲೂ ದೊಡ್ಡದಿದೆ. ಅದೂ ದುರ್ಬಲ ಸೆಳೆತವೇ, ಹಾಗಾಗಿ ಕಥೆ ಬದಲಾಗುವುದಿಲ್ಲ.

ಬಯಾಲಜಿ ವಿದ್ಯಾರ್ಥಿಗೆ ಎಷ್ಟು ಕೆಮಿಸ್ಟ್ರಿ ಬೇಕು ಅಂತ ಯಾರಾದರೂ ಕೇಳಿದರೆ ನಾನು ಶುರು ಮಾಡುವುದು ಇಲ್ಲಿಂದ. ಪಾಠಪಟ್ಟಿಗಳು ಮಾಡುವುದು ಇದಕ್ಕೆ ಉಲ್ಟಾ. ಪರಮಾಣು ರಚನೆ, ಕಕ್ಷಕಗಳು, ಹೈಬ್ರಿಡೈಸೇಶನ್, ಆಮೇಲೆ ಅಯಾನಿಕ್ ಬಂಧ, ಕೋವೇಲೆಂಟ್ ಬಂಧ. ಕೊನೆಗೆ ಅರ್ಧ ಪುಟದಲ್ಲಿ ಹೈಡ್ರೋಜನ್ ಬಂಧ, ಎರಡು ಸಾಲಿನಲ್ಲಿ ವಾನ್ ಡರ್ ವಾಲ್ಸ್ ಅನ್ನುವ ಇನ್ನೂ ಸಣ್ಣ ಸೆಳೆತ. ಕೆಮಿಸ್ಟ್ರಿಯನ್ನೇ ಓದುವವರಿಗೆ ಈ ಕ್ರಮ ಸರಿ. ಜೀವಕೋಶವನ್ನು ಅರ್ಥ ಮಾಡಿಕೊಳ್ಳಬೇಕಾದವರಿಗೆ ಆ ಕೊನೆಯ ಅರ್ಧ ಪುಟವೇ ಮೊದಲ ಅಧ್ಯಾಯ ಆಗಬೇಕು. ಯಾಕೆಂದರೆ ಗಟ್ಟಿ ಬಂಧಗಳು ಕೋಶದ ಸಾಮಾನುಗಳನ್ನು ಮಾಡಿಡುತ್ತವೆ. ದಿನವಿಡೀ ಕೆಲಸ ನಡೆಸುವುದು ಸಡಿಲ ಬಂಧಗಳು. ಹಾರ್ಮೋನ್ ತನ್ನ ಗ್ರಾಹಕಕ್ಕೆ ಅಂಟಬೇಕು, ಆಮೇಲೆ ಬಿಡಲೂ ಬೇಕು. ಕಿಣ್ವ ತನ್ನ ಅಣುವನ್ನು ಹಿಡಿಯಬೇಕು, ಕೆಲಸ ಮುಗಿದ ಮೇಲೆ ಕಳಿಸಬೇಕು. ಹಿಮೋಗ್ಲೋಬಿನ್ ಶ್ವಾಸಕೋಶದಲ್ಲಿ ಆಮ್ಲಜನಕವನ್ನು ತಗೊಂಡರೆ ಸಾಲದು, ಸ್ನಾಯುವಿಗೆ ಬಂದಾಗ ಕೊಡಬೇಕು. ಕಾರ್ಬನ್ ಮಾನಾಕ್ಸೈಡ್ ಯಾಕೆ ಅಪಾಯ? ಅದು ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಸುಲಭಕ್ಕೆ ಜಾಗ ಬಿಡುವುದಿಲ್ಲ.

ಒಂದು ಹೈಡ್ರೋಜನ್ ಬಂಧದಿಂದ ಏನೂ ಆಗುವುದಿಲ್ಲ. ದ್ರವ ನೀರಿನಲ್ಲಿ ಅದರ ಆಯಸ್ಸು ಪಿಕೋಸೆಕೆಂಡುಗಳ ಲೆಕ್ಕದ್ದು, ಅಂದರೆ ಸೆಕೆಂಡಿನ ಲಕ್ಷ ಕೋಟಿ ಪಾಲುಗಳಲ್ಲಿ ಒಂದೆರಡು ಪಾಲು. ಆದರೆ ಹನಿ ಹನಿ ಗೂಡಿದರೆ ಹಳ್ಳ ಅಂತಾರಲ್ಲ, ಹಾಗೆ. ಹತ್ತಾರು ಸೇರಿದಾಗ ಪ್ರೋಟೀನ್ ಮಡಿಕೆ ನಿಲ್ಲುತ್ತದೆ. ಜೊತೆಗೆ ಆಯ್ಕೆಯೂ ಸಾಧ್ಯವಾಗುತ್ತದೆ. ಸರಿಯಾದ ಅಣು ಬಂದರೆ ಹತ್ತೂ ಕಡೆ ಹಿಡಿತ ಸಿಗುತ್ತದೆ. ತಪ್ಪು ಅಣುವಿಗೆ ನಾಲ್ಕು ಕಡೆ ಸಿಗಬಹುದು, ಅದು ಜಾರಿ ಹೋಗುತ್ತದೆ. ಒಂದೊಂದು ಹಿಡಿತವೂ 350 ಕಿಲೋಜೂಲ್‌ನದ್ದಾಗಿದ್ದರೆ ತಪ್ಪು ಅಣುವೂ ಅಲ್ಲೇ ಕೂತುಬಿಡುತ್ತಿತ್ತು.

ಈಗ ನೀರು. ನೀರಿನ ಅಣು ನೆಟ್ಟಗಿಲ್ಲ, 104.5 ಡಿಗ್ರಿಗೆ ಬಾಗಿದೆ. ಆಮ್ಲಜನಕ ಎಲೆಕ್ಟ್ರಾನ್‌ಗಳನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಹಾಗಾಗಿ ಆ ಕಡೆ ಸ್ವಲ್ಪ ಋಣ, ಹೈಡ್ರೋಜನ್ ಕಡೆ ಸ್ವಲ್ಪ ಧನ. ಇಷ್ಟರಿಂದಲೇ ಅಣುಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಇದರ ಬೆಲೆ ಎಷ್ಟು ಅಂತ ತಿಳಿಯಲು ಹೈಡ್ರೋಜನ್ ಸಲ್ಫೈಡ್ ನೋಡಿ. ಆಮ್ಲಜನಕದ ಜಾಗದಲ್ಲಿ ಗಂಧಕ, ಅಣುವಿನ ತೂಕ ನೀರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು. ಆದರೂ ಅದು ಕುದಿಯುವುದು ಸೊನ್ನೆಗಿಂತ 60 ಡಿಗ್ರಿ ಕೆಳಗೆ. ನೀರು ಕುದಿಯಲು 100 ಡಿಗ್ರಿ ಬೇಕು. ಆ ಹಿಡಿತ ಇಲ್ಲದಿದ್ದರೆ ಭೂಮಿಯ ಮೇಲೆ ನೀರು ಗಾಳಿಯ ಭಾಗವಾಗಿರುತ್ತಿತ್ತು. ಮಂಜುಗಡ್ಡೆ ತೇಲುವುದು, 4 ಡಿಗ್ರಿಯಲ್ಲಿ ನೀರು ಅತಿ ಹೆಚ್ಚು ದಟ್ಟವಾಗುವುದು, ಇವನ್ನೆಲ್ಲ ಎಲ್ಲರೂ ಓದಿರುತ್ತೀರಿ. ಬಿಡೋಣ.

ನನಗೆ ನೀರಿನ ವಿಷಯದಲ್ಲಿ ಮಜಾ ಅನ್ನಿಸುವುದು ಎಣ್ಣೆಯ ಪ್ರಕರಣ. ಎಣ್ಣೆಗೆ ನೀರು ಕಂಡರೆ ಆಗುವುದಿಲ್ಲ ಅಂತ ಹೇಳಿ ಮುಗಿಸುವುದು ಅಭ್ಯಾಸ. ನಿಜ ನೋಡಿದರೆ ಎಣ್ಣೆಗೆ ನೀರಿನ ಮೇಲೆ ದ್ವೇಷ ಏನೂ ಇಲ್ಲ, ಸಣ್ಣ ಸೆಳೆತವೂ ಇದೆ. ತಕರಾರು ನೀರಿನದು. ಎಣ್ಣೆಯ ಅಣು ನಡುವೆ ಬಂದರೆ ಅದರ ಸುತ್ತ ಇರುವ ನೀರಿನ ಅಣುಗಳು ಮೊದಲಿನಷ್ಟು ಸ್ವತಂತ್ರವಾಗಿ ಹೊರಳಾಡಲಾರವು. ಅವು ಒಂದು ಥರ ಶಿಸ್ತಿಗೆ ಒಳಗಾಗುತ್ತವೆ. ಎಣ್ಣೆಯ ಅಣುಗಳೆಲ್ಲ ಒಂದೆಡೆ ಸೇರಿದರೆ ಹೀಗೆ ಕಟ್ಟಿಹಾಕಿಸಿಕೊಂಡ ನೀರಿನ ಅಣುಗಳ ಸಂಖ್ಯೆ ಕಡಿಮೆಯಾಗುತ್ತದೆ. ಅಂದರೆ ಎಣ್ಣೆಯನ್ನು ಒಟ್ಟುಗೂಡಿಸುತ್ತಿರುವುದು ನೀರಿನ ಸ್ವಾತಂತ್ರ್ಯ. ಈ ಸ್ವಾತಂತ್ರ್ಯದ ಅಳತೆಯಾದ ಎಂಟ್ರೊಪಿ ಅನ್ನುವ ಪದ ಕೇಳಿ ಹೆದರುವವರಿಗೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಜೀವಕೋಶದ ಪೊರೆ ನಿಂತಿರುವುದು ಇದರ ಮೇಲೆಯೇ. ಕೊಬ್ಬಿನ ಅಣುಗಳು ತಲೆಯನ್ನು ನೀರಿನ ಕಡೆ, ಬಾಲವನ್ನು ಒಳಗಡೆ ಮಾಡಿ ಎರಡು ಸಾಲಾಗಿ ನಿಲ್ಲುತ್ತವೆ. ಅಣುವಿಂದ ಅಣುವಿಗೆ ಒಂದೂ ಕೋವೇಲೆಂಟ್ ಬಂಧ ಇಲ್ಲ. ಯಾರೂ ಹೊಲಿದಿಲ್ಲ, ಅಂಟಿಸಿಲ್ಲ. ಅದಕ್ಕೇ ಪೊರೆ ಬಾಗುತ್ತದೆ, ಹರಿಯುತ್ತದೆ, ಚುಚ್ಚಿದರೆ ತಾನೇ ಮುಚ್ಚಿಕೊಳ್ಳುತ್ತದೆ, ಎರಡಾಗಿ ಒಡೆದು ಎರಡು ಕೋಶವಾಗುತ್ತದೆ.

ಇದೇ ಎಣ್ಣೆ-ನೀರಿನ ಲೆಕ್ಕ ಒಂದು ಕಡೆ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ರಕ್ತಕಣಗಳ ಆಕಾರ ಕೆಡುವ ಸಿಕಲ್ ಸೆಲ್ ಕಾಯಿಲೆ ಸಾಕ್ಷಿ. 1949ರಲ್ಲಿ ಲೈನಸ್ ಪೌಲಿಂಗ್ ಮತ್ತು ಸಂಗಡಿಗರು ಈ ರೋಗಿಗಳ ಹಿಮೋಗ್ಲೋಬಿನ್ ವಿದ್ಯುತ್ ಕ್ಷೇತ್ರದಲ್ಲಿ ಬೇರೆ ರೀತಿ ಚಲಿಸುತ್ತದೆ ಅಂತ ತೋರಿಸಿದರು. ಅಂದರೆ ಅದರ ವಿದ್ಯುದಂಶವೇ ಬೇರೆ. ಕೆಲವು ವರ್ಷಗಳ ನಂತರ ವರ್ನನ್ ಇಂಗ್ರಾಮ್ ವ್ಯತ್ಯಾಸ ಎಲ್ಲಿದೆ ಅಂತ ಪತ್ತೆ ಮಾಡಿದರು. 146 ಅಮೈನೋ ಆಮ್ಲಗಳ ಬೀಟಾ ಸರಪಳಿಯಲ್ಲಿ ಆರನೆಯದು ಮಾತ್ರ ಬದಲಾಗಿದೆ. ಗ್ಲುಟಾಮಿಕ್ ಆಮ್ಲ ಇರಬೇಕಾದ ಜಾಗದಲ್ಲಿ ವ್ಯಾಲಿನ್. ಪರೀಕ್ಷೆಗೆ ಇಷ್ಟು ಬರೆದರೆ ಅಂಕ ಬರುತ್ತದೆ. ಆದರೆ ಕೆಮಿಸ್ಟ್ರಿ ಗೊತ್ತಿದ್ದವರು ಮುಂದಿನದ್ದನ್ನು ತಾವೇ ಊಹಿಸಬಹುದು. ಗ್ಲುಟಾಮಿಕ್ ಆಮ್ಲಕ್ಕೆ ಋಣ ವಿದ್ಯುದಂಶ ಇದೆ, ನೀರಿನ ಜೊತೆ ಹೊಂದಿಕೊಳ್ಳುತ್ತದೆ. ವ್ಯಾಲಿನ್ ಎಣ್ಣೆಯ ಜಾತಿ. ಅದು ಪ್ರೋಟೀನ್‌ನ ಹೊರಮೈಯಲ್ಲಿ, ನೀರಿಗೆ ಎದುರಾಗಿ ಕೂತಿದೆ. ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ತನ್ನ ಆಕಾರ ಬದಲಿಸಿದಾಗ ಪಕ್ಕದ ಅಣುವಿನ ಮೇಲೆ ಎಣ್ಣೆ ಸ್ವಭಾವದ ಒಂದು ಗುಂಡಿ ತೆರೆದುಕೊಳ್ಳುತ್ತದೆ. ವ್ಯಾಲಿನ್ ಅದರೊಳಗೆ ಹೋಗಿ ಕೂರುತ್ತದೆ. ಹೀಗೆ ಒಂದಕ್ಕೊಂದು ಅಂಟಿ ಉದ್ದ ನಾರುಗಳಾಗುತ್ತವೆ, ರಕ್ತಕಣ ಕುಡುಗೋಲಿನ ಆಕಾರಕ್ಕೆ ಬಾಗುತ್ತದೆ. ಕಾಯಿಲೆ ಯಾಕೆ ಆಮ್ಲಜನಕ ಕಡಿಮೆ ಇದ್ದಾಗ ಜಾಸ್ತಿ ಕಾಡುತ್ತದೆ ಅನ್ನುವುದಕ್ಕೂ ಉತ್ತರ ಇಲ್ಲೇ ಸಿಕ್ಕಿತು.

ಎರಡನೇ ವಿಷಯ, ಎಣಿಕೆ. ಮೋಲ್ ಅನ್ನುವುದನ್ನು ಲೆಕ್ಕ ಬಿಡಿಸುವ ಉಪಕರಣದ ಹಾಗೆ ಕಲಿಸುತ್ತಾರೆ. 6.022 ಗುಣಿಸು 10ರ ಘಾತ 23, ಬಾಯಿಪಾಠ. ಅದನ್ನು ಒಮ್ಮೆ ಬ್ಯಾಕ್ಟೀರಿಯಾದೊಳಗೆ ಇಳಿಸಿ ನೋಡಬೇಕು. ಇ. ಕೋಲೈ ಬ್ಯಾಕ್ಟೀರಿಯಾದ ಗಾತ್ರ ಸುಮಾರು ಒಂದು ಘನ ಮೈಕ್ರೋಮೀಟರ್. ಅದರೊಳಗೆ ಯಾವುದೇ ಪದಾರ್ಥ ಒಂದು ನ್ಯಾನೋಮೋಲಾರ್ (ಲೀಟರ್‌ಗೆ ಮೋಲ್‌ನ ನೂರು ಕೋಟಿಯಲ್ಲೊಂದು ಪಾಲು) ಸಾಂದ್ರತೆಯಲ್ಲಿದೆ ಅಂದರೆ ಎಷ್ಟು ಅಣು? ಗುಣಿಸಿದರೆ 0.6 ಬರುತ್ತದೆ. ಅಂದರೆ ಹೆಚ್ಚುಕಡಿಮೆ ಒಂದು. ಒಂದೇ ಒಂದು ಅಣು! ಇನ್ನು ಅದರೊಳಗೆ ಪಿಎಚ್, ಅಂದರೆ ಆಮ್ಲೀಯತೆಯ ಅಳತೆ, 7 ಇದ್ದರೆ ಬಿಡಿ ಹೈಡ್ರೋಜನ್ ಅಯಾನುಗಳು ಎಷ್ಟು? ಬರೀ 60. ಅದೇ ಕೋಶದಲ್ಲಿ ನೀರಿನ ಅಣುಗಳು ಎರಡು ಸಾವಿರ ಕೋಟಿಗೂ ಜಾಸ್ತಿ, ಪ್ರೋಟೀನ್‌ಗಳು ಹತ್ತು ಲಕ್ಷಗಳ ಲೆಕ್ಕದಲ್ಲಿ. 60 ಅಯಾನು ಅಂದಾಗ ಅವು ಅಲ್ಲಿ ಖಾಯಂ ಆಗಿ ಕೂತಿರುವ 60 ಅಲ್ಲ. ನೀರಿಂದ, ಪ್ರೋಟೀನ್‌ಗಳಿಂದ, ಫಾಸ್ಫೇಟ್‌ಗಳಿಂದ ಪ್ರೋಟಾನ್ ಬಿಡುತ್ತಾ ಸೇರುತ್ತಾ ಇರುತ್ತದೆ. ಯಾವ ಗಳಿಗೆಯಲ್ಲಿ ನೋಡಿದರೂ ಸರಾಸರಿ ಅಷ್ಟು ಬಿಡಿಯಾಗಿರುತ್ತವೆ.

ಪಿಎಚ್ ಅಳತೆಯನ್ನು 1909ರಲ್ಲಿ ತಂದವರು ಸೋರೆನ್ಸೆನ್. ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದವರು. ಬಿಯರ್ ಕಂಪನಿ ಕಟ್ಟಿಸಿದ ಪ್ರಯೋಗಾಲಯ ಅದು. ಲಾಗರಿದಮ್ ಬಳಸಿ ಸಣ್ಣ ಸಣ್ಣ ಅಂಕಿಗಳನ್ನು ಸುಲಭ ಮಾಡಿಕೊಟ್ಟರು. ಸುಲಭ ಆಗಿದ್ದೇ ಒಂದು ತೊಂದರೆ ಕೂಡ. ರಕ್ತದ ಪಿಎಚ್ 7.4ರಿಂದ 7.1ಕ್ಕೆ ಇಳಿಯಿತು ಅಂದರೆ ಕಿವಿಗೆ ಏನೂ ದೊಡ್ಡದಾಗಿ ಕೇಳುವುದಿಲ್ಲ, ಅಲ್ವಾ? ಲಾಗ್ ಬಿಚ್ಚಿ ನೋಡಿ. 7.4 ಅಂದರೆ ಲೀಟರ್‌ಗೆ 40 ನ್ಯಾನೋಮೋಲ್ ಹೈಡ್ರೋಜನ್ ಅಯಾನು. 7.1 ಅಂದರೆ 80. ಸೀದಾ ಎರಡು ಪಟ್ಟು. ಸೋಡಿಯಂ ಎರಡು ಪಟ್ಟಾದರೆ ಯಾರೂ ಬದುಕುವುದಿಲ್ಲ. ಇಲ್ಲಿ ಹೈಡ್ರೋಜನ್ ಅಯಾನು ಸೋಡಿಯಂಗಿಂತ ಸುಮಾರು 35 ಲಕ್ಷ ಪಟ್ಟು ಕಡಿಮೆ ಇದೆ, ಆದರೂ ಅದರ ಏರಿಳಿತಕ್ಕೆ ದೇಹ ಇಷ್ಟೊಂದು ತಲೆಕೆಡಿಸಿಕೊಳ್ಳುತ್ತದೆ. ಕಾರಣ ಮತ್ತೆ ಸಡಿಲ ಬಂಧಗಳೇ. ಪ್ರೋಟೀನ್‌ಗೆ ಒಂದು ಪ್ರೋಟಾನ್ ಸೇರಿದರೆ ಅಲ್ಲಿನ ವಿದ್ಯುದಂಶ ಬದಲಾಗುತ್ತದೆ. ವಿದ್ಯುದಂಶ ಬದಲಾದರೆ ಹಿಡಿತ ಬದಲಾಗುತ್ತದೆ, ಆಕಾರ ಬದಲಾಗುತ್ತದೆ.

ಪಿಎಚ್ ಏರುಪೇರಾಗದಂತೆ ತಡೆಯುವ ಬಫರ್‌ಗಳ ಪಾಠವನ್ನು ಸೂತ್ರದಿಂದ ಶುರು ಮಾಡದೆ ಉಸಿರಿನಿಂದ ಶುರು ಮಾಡಿದರೆ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ರಕ್ತದಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಲೀಟರ್‌ಗೆ ಸುಮಾರು 1.2 ಮಿಲಿಮೋಲ್. ಬೈಕಾರ್ಬೊನೇಟ್ ಸುಮಾರು 24. ಅನುಪಾತ ಒಂದಕ್ಕೆ ಇಪ್ಪತ್ತು. ಈ ಅನುಪಾತ ಉಳಿದರೆ ಪಿಎಚ್ 7.4 ಉಳಿಯುತ್ತದೆ. ಸಕ್ಕರೆ ಕಾಯಿಲೆ ಹದ ತಪ್ಪಿ ರಕ್ತಕ್ಕೆ ಕೀಟೋ ಆಮ್ಲಗಳು ಬಂದು ಸೇರಿದಾಗ ಬೈಕಾರ್ಬೊನೇಟ್ ಖರ್ಚಾಗುತ್ತದೆ. ಆಗ ಅನುಪಾತ ಉಳಿಸಿಕೊಳ್ಳಲು ಇನ್ನೊಂದು ಕಡೆಯನ್ನೂ ಇಳಿಸಬೇಕು. ಹೇಗೆ? ಜಾಸ್ತಿ ಉಸಿರು ಬಿಟ್ಟು. ಅದಕ್ಕೇ ಅಂಥ ರೋಗಿ ಆಳವಾಗಿ, ಬಿರುಸಾಗಿ ಉಸಿರಾಡುತ್ತಾನೆ. 1874ರಲ್ಲಿ ಅಡಾಲ್ಫ್ ಕುಸ್ಮಾಲ್ ಅನ್ನುವ ವೈದ್ಯರು ಈ ಉಸಿರಾಟವನ್ನು ದಾಖಲಿಸಿದರು. ಆಗಿನ್ನೂ ಪಿಎಚ್ ಅನ್ನುವ ಅಳತೆಯೇ ಇರಲಿಲ್ಲ. ಗಾಬರಿಯಾದವರು ಸುಮ್ನೆ ವೇಗವಾಗಿ ಉಸಿರಾಡುತ್ತಾ ಹೋದರೆ ಉಲ್ಟಾ ಆಗುತ್ತದೆ. ಡೈಆಕ್ಸೈಡ್ ಅತಿಯಾಗಿ ಹೊರಗೆ ಹೋಗಿ ಪಿಎಚ್ ಏರುತ್ತದೆ. ಪ್ರೋಟೀನ್‌ಗಳಿಂದ ಪ್ರೋಟಾನ್ ಕಳಚಿಕೊಳ್ಳುತ್ತದೆ, ಖಾಲಿಯಾದ ಜಾಗಕ್ಕೆ ಕ್ಯಾಲ್ಸಿಯಂ ಹೋಗಿ ಅಂಟುತ್ತದೆ. ರಕ್ತದಲ್ಲಿ ಬಿಡಿ ಕ್ಯಾಲ್ಸಿಯಂ ಕಡಿಮೆಯಾಗಿ ಬೆರಳ ತುದಿ ಜುಮ್ಮೆನ್ನುತ್ತದೆ. ಸಮತೋಲನದ ಪಾಠ ಅಷ್ಟೂ ಮೈಮೇಲೆ ಬಂದ ಹಾಗೆ.

ಇನ್ನು ಶಕ್ತಿ. ಇಲ್ಲಿ ನನ್ನದೊಂದು ಹಳೇ ತಕರಾರು ಇದೆ. ಕೋಶ ಕೆಲಸಕ್ಕೆ ಖರ್ಚು ಮಾಡುವ ಎಟಿಪಿ ಅನ್ನುವ ಅಣುವಿನ ಬಂಧದಲ್ಲಿ ಶಕ್ತಿ ತುಂಬಿದೆ, ಬಂಧ ಮುರಿದರೆ ಶಕ್ತಿ ಹೊರಬರುತ್ತದೆ ಅಂತ ಪಾಠ ಮಾಡುವುದು. ಪಕ್ಕದ ತರಗತಿಯಲ್ಲಿ ಕೆಮಿಸ್ಟ್ರಿ ಮೇಷ್ಟ್ರು ಬಂಧ ಮುರಿಯಲು ಶಕ್ತಿ ಕೊಡಬೇಕು ಅಂತ ಹೇಳಿರುತ್ತಾರೆ. ಅವರು ಹೇಳಿದ್ದೇ ಸರಿ. ಯಾವ ಬಂಧ ಮುರಿಯಲೂ ಶಕ್ತಿ ಬೇಕು, ಎಟಿಪಿಗೂ ರಿಯಾಯಿತಿ ಇಲ್ಲ. 1941ರಲ್ಲಿ ಫ್ರಿಟ್ಜ್ ಲಿಪ್‌ಮನ್ ಶಕ್ತಿಭರಿತ ಫಾಸ್ಫೇಟ್ ಬಂಧ ಅನ್ನುವ ಮಾತು ಬಳಸಿ, ಅದಕ್ಕೊಂದು ಅಲೆಯಂಥ ಗೆರೆ ಹಾಕಿದರು. ಆ ಗೆರೆ ಉಪಯೋಗಕ್ಕೆ ಬಂತು, ತಪ್ಪು ಚಿತ್ರವನ್ನೂ ಜೊತೆಗೆ ತಂತು. ಆಗುವುದು ಇಷ್ಟು: ಎಟಿಪಿ ಮತ್ತು ನೀರಿನಲ್ಲಿ ಹಳೇ ಬಂಧಗಳು ಮುರಿಯುತ್ತವೆ, ಹೊಸ ಬಂಧಗಳು ಕೂಡುತ್ತವೆ. ಒಟ್ಟೊಟ್ಟಿಗೆ ಇದ್ದ ಋಣ ವಿದ್ಯುದಂಶಗಳು ದೂರ ಸರಿಯುತ್ತವೆ, ಬಿಡುಗಡೆಯಾದ ಫಾಸ್ಫೇಟನ್ನು ನೀರು ಚೆನ್ನಾಗಿ ಸುತ್ತುವರಿಯುತ್ತದೆ. ಕೊಟ್ಟಿದ್ದಕ್ಕಿಂತ ಬಂದಿದ್ದು ಜಾಸ್ತಿ.

ಅದರಲ್ಲೂ ಒಂದು ಮುಖ್ಯ ವಿಷಯ ಬಿಟ್ಟುಹೋಗುತ್ತದೆ. ಪುಸ್ತಕದಲ್ಲಿ ಕೊಡುವ ಅಂಕಿ ಮೋಲ್‌ಗೆ 30.5 ಕಿಲೋಜೂಲ್. ಕೋಶದೊಳಗೆ ನಿಜವಾಗಿ ಸಿಗುವುದು 50ರ ಆಸುಪಾಸು. ಅಣು ಅದೇ, ಬಂಧ ಅದೇ. ಹಾಗಾದರೆ ಈ 20 ಎಲ್ಲಿಂದ ಬಂತು? ಕೋಶ ಎಟಿಪಿಯನ್ನು ಜಾಸ್ತಿಯಾಗಿ, ಅದು ಮುರಿದಾಗ ಸಿಗುವ ಎಡಿಪಿ ಮತ್ತು ಫಾಸ್ಫೇಟನ್ನು ಕಡಿಮೆಯಾಗಿ ಇಟ್ಟುಕೊಂಡಿರುತ್ತದೆ. ಸುಮ್ನೆ ಬಿಟ್ಟರೆ ಈ ಕ್ರಿಯೆ ಎಲ್ಲಿಗೆ ಹೋಗಿ ನಿಲ್ಲುತ್ತಿತ್ತೋ ಆ ಸಮತೋಲನದಿಂದ ಕೋಶ ಕೋಟ್ಯಂತರ ಪಟ್ಟು ದೂರ ನಿಂತಿದೆ. ಕೆಲಸಕ್ಕೆ ಬರುವುದು ಆ ದೂರ. ಒಂದು ಡಬ್ಬಿಯಲ್ಲಿ ಎಟಿಪಿ, ಎಡಿಪಿ, ಫಾಸ್ಫೇಟ್ ಎಲ್ಲ ಸಮತೋಲನಕ್ಕೆ ಬಂದು ಕೂತಿದ್ದರೆ, ಅಲ್ಲಿ ಉಳಿದ ಎಟಿಪಿಯಿಂದ ಒಂದು ಸ್ನಾಯುವನ್ನೂ ಅಲುಗಿಸಲಾಗದು. ಆ ದೂರವನ್ನು ಕಾಪಾಡಲು ದೇಹ ದಿನಕ್ಕೆ ಹೆಚ್ಚುಕಡಿಮೆ ತನ್ನ ತೂಕದಷ್ಟೇ ಎಟಿಪಿಯನ್ನು ಮಾಡುತ್ತಾ ಮುರಿಯುತ್ತಾ ಇರುತ್ತದೆ.

ಆ ಎಟಿಪಿ ಮಾಡಲು ಶಕ್ತಿ ಎಲೆಕ್ಟ್ರಾನ್‌ಗಳಿಂದ. ಉತ್ಕರ್ಷಣ, ಅಪಕರ್ಷಣ ಅಂತ ತಲೆ ತಿನ್ನುವ ಪಾಠದ ತಿರುಳು ಇಷ್ಟೇ. ಊಟದಿಂದ ಬಂದ ಎಲೆಕ್ಟ್ರಾನ್‌ಗಳು ಎಲೆಕ್ಟ್ರಾನ್ ಹೊತ್ತೊಯ್ಯುವ ಎನ್‌ಎಡಿಎಚ್ ಅನ್ನುವ ಅಣುವಿನಿಂದ ಆಮ್ಲಜನಕದವರೆಗೆ ಸುಮಾರು 1.14 ವೋಲ್ಟ್ ವ್ಯತ್ಯಾಸ ದಾಟುತ್ತವೆ. ಆ ಶಕ್ತಿಯಿಂದ ಪೊರೆಯ ಆಚೆಗೆ ಪ್ರೋಟಾನ್‌ಗಳನ್ನು ತಳ್ಳಲಾಗುತ್ತದೆ, ಅವು ವಾಪಸ್ ಬರುವಾಗ ಎಟಿಪಿ ತಯಾರಾಗುತ್ತದೆ. ಪೀಟರ್ ಮಿಚೆಲ್ 1961ರಲ್ಲಿ ಇದನ್ನು ಹೇಳಿದಾಗ ಬಹಳ ಜನ ಒಪ್ಪಲಿಲ್ಲ. 1978ರಲ್ಲಿ ನೊಬೆಲ್ ಬಂತು. ಸಯನೈಡ್ ತಡೆಯುವುದು ಎಲೆಕ್ಟ್ರಾನ್ ಆಮ್ಲಜನಕಕ್ಕೆ ತಲುಪುವ ಕೊನೆಯ ಮೆಟ್ಟಿಲನ್ನು. ರಕ್ತದಲ್ಲಿ ಆಮ್ಲಜನಕ ತುಂಬಿದ್ದರೂ ಉಪಯೋಗ ಇಲ್ಲ.

ಯಾವ ದಿಕ್ಕಿಗೆ ಹೋಗುತ್ತದೆ ಅನ್ನುವುದು ಒಂದು ಪ್ರಶ್ನೆ, ಎಷ್ಟು ಬೇಗ ಹೋಗುತ್ತದೆ ಅನ್ನುವುದು ಬೇರೆಯೇ ಪ್ರಶ್ನೆ. ಇವೆರಡನ್ನು ಕಲಸಿಕೊಂಡರೆ ಮುಂದಿನದ್ದೆಲ್ಲ ಗೋಜಲು. ಸಕ್ಕರೆ ಮತ್ತು ಆಮ್ಲಜನಕ ಸೇರಿ ಡೈಆಕ್ಸೈಡ್ ಮತ್ತು ನೀರಾಗುವುದು ಶಕ್ತಿಯ ಲೆಕ್ಕದಲ್ಲಿ ಬಹಳ ಲಾಭದ್ದು. ಆದರೂ ಸಕ್ಕರೆ ಗಾಳಿಯಲ್ಲಿ ವರ್ಷಗಟ್ಟಲೆ ಹಾಗೇ ಇರುತ್ತದೆ. ನಾವೂ ಅಷ್ಟೇ. ಲೆಕ್ಕದ ಪ್ರಕಾರ ನಮ್ಮ ಮೈ ಆಮ್ಲಜನಕದಲ್ಲಿ ಉರಿದುಹೋಗಬೇಕು. ಉರಿಯದಿರುವುದು ಗಟ್ಟಿ ಬಂಧಗಳು ತಾವಾಗಿ ಮುರಿಯದ ಕಾರಣಕ್ಕೆ. ಎಷ್ಟು ನಿಧಾನ ಗೊತ್ತಾ? ಆರ್‌ಎನ್‌ಎ, ಡಿಎನ್‌ಎಗೆ ಬೇಕಾದ ಒಂದು ಕಚ್ಚಾ ಸಾಮಾನು ತಯಾರಾಗುವಾಗ ಓರೋಟಿಡಿನ್ ಮಾನೋಫಾಸ್ಫೇಟ್ ಅನ್ನುವ ಅಣುವಿನಿಂದ ಒಂದು ಡೈಆಕ್ಸೈಡ್ ಕಳಚಬೇಕು. ಕಿಣ್ವ ಇಲ್ಲದೆ, ಕೋಣೆಯ ಬಿಸಿಯಲ್ಲಿ ನೀರಿನಲ್ಲಿ ಬಿಟ್ಟರೆ, ಅರ್ಧದಷ್ಟು ಅಣುಗಳು ಕಳಚಿಕೊಳ್ಳಲು ಸುಮಾರು 7 ಕೋಟಿ 80 ಲಕ್ಷ ವರ್ಷ ಹಿಡಿಯುತ್ತದೆ. 1995ರಲ್ಲಿ ರಾಡ್ಜಿಕಾ ಮತ್ತು ವುಲ್ಫೆಂಡನ್ ಇದನ್ನು ಅಳೆದರು. ಬಿಸಿ ಏರಿಸಿ ವೇಗ ಅಳೆದು, ಅಲ್ಲಿಂದ ಕೋಣೆಯ ಬಿಸಿಗೆ ಲೆಕ್ಕ ಹಾಕಿ. ಕಿಣ್ವ ಇದೇ ಕೆಲಸವನ್ನು ಸೆಕೆಂಡಿಗೆ ಹತ್ತಾರು ಸಲ ಮಾಡುತ್ತದೆ. ದಿಕ್ಕನ್ನು ಅದು ಬದಲಿಸುವುದಿಲ್ಲ, ಸಮತೋಲನವನ್ನೂ ಮುಟ್ಟುವುದಿಲ್ಲ. ಅಣು ಮುರಿಯುವ ಹಂತದಲ್ಲಿ ಯಾವ ಆಕಾರ ತಾಳುತ್ತದೋ ಅದನ್ನು ಹತ್ತಾರು ಸಡಿಲ ಬಂಧಗಳಿಂದ ತಬ್ಬಿ ಹಿಡಿಯುತ್ತದೆ. ಗಟ್ಟಿ ಬಂಧವನ್ನು ಮುರಿಸುವುದೂ ಸಡಿಲ ಬಂಧಗಳೇ ಅನ್ನುವುದು ನನಗೆ ಇವತ್ತಿಗೂ ಸೋಜಿಗ.

ಕೊನೆಯದಾಗಿ ಒಂದು ಲೆಕ್ಕ. ಯಾವ ಪಾಠಪಟ್ಟಿಯೂ ಇದಕ್ಕೆ ತಕ್ಕ ಜಾಗ ಕೊಟ್ಟಿದ್ದನ್ನು ನಾನು ನೋಡಿಲ್ಲ. ಅಣುಗಳು ತಾವಾಗಿ ಹರಡುವಾಗ ದೂರ ಹತ್ತು ಪಟ್ಟಾದರೆ ಸಮಯ ನೂರು ಪಟ್ಟಾಗುತ್ತದೆ. ನೀರಿನಲ್ಲಿ ಒಂದು ಪುಟ್ಟ ಅಣು ಒಂದು ಮೈಕ್ರೋಮೀಟರ್ ದೂರ ಹೋಗಲು ಅರ್ಧ ಮಿಲಿಸೆಕೆಂಡ್ ಸಾಕು. ಬ್ಯಾಕ್ಟೀರಿಯಾಕ್ಕೆ ರಕ್ತನಾಳ ಯಾಕೆ ಬೇಡ ಅಂತ ಗೊತ್ತಾಯಿತು. ನೂರು ಮೈಕ್ರೋಮೀಟರ್‌ಗೆ ಸುಮಾರು 5 ಸೆಕೆಂಡ್. ನಮ್ಮ ಹೆಚ್ಚಿನ ಕೋಶಗಳು ಯಾವುದಾದರೂ ಲೋಮನಾಳದಿಂದ (ಅತಿ ಸಣ್ಣ ರಕ್ತನಾಳ) ಇಷ್ಟು ದೂರದೊಳಗೇ ಇರುತ್ತವೆ. ಒಂದು ಸೆಂಟಿಮೀಟರ್‌ಗೆ ಸುಮಾರು 14 ಗಂಟೆ. ಒಂದು ಮೀಟರ್‌ಗೆ? ಸುಮಾರು 16 ವರ್ಷ.

ಬೆನ್ನುಹುರಿಯಿಂದ ಕಾಲಿನ ತುದಿಗೆ ಹೋಗುವ ನರಕೋಶದ ತಂತು ಹೆಚ್ಚುಕಡಿಮೆ ಒಂದು ಮೀಟರ್ ಇರುತ್ತದೆ. ಸಾಮಾನೆಲ್ಲ ತಯಾರಾಗುವುದು ಬೆನ್ನಿನ ಹತ್ತಿರ, ಬೇಕಾಗಿರುವುದು ಪಾದದಲ್ಲಿ. 16 ವರ್ಷ ಕಾಯಲಾಗದು. ಹಾಗಾಗಿ ಕೈನೆಸಿನ್ ಅನ್ನುವ ಪ್ರೋಟೀನ್ ಸಾಮಾನು ಹೊತ್ತು ತಂತುವಿನೊಳಗಿನ ಹಳಿಯ ಮೇಲೆ ನಡೆಯುತ್ತದೆ. ಒಂದು ಕಾಲು ಸಡಿಲ ಬಂಧಗಳಿಂದ ಹಳಿ ಹಿಡಿದಿರುತ್ತದೆ, ಇನ್ನೊಂದು ಬಿಟ್ಟು ಮುಂದೆ ಬರುತ್ತದೆ. ಹೆಜ್ಜೆಗೆ 8 ನ್ಯಾನೋಮೀಟರ್, ಹೆಜ್ಜೆಗೆ ಒಂದು ಎಟಿಪಿ. ಒಂದು ಮೀಟರ್‌ಗೆ 12.5 ಕೋಟಿ ಹೆಜ್ಜೆ. ವೇಗದ ಸಾಗಾಟ ದಿನಕ್ಕೆ 400 ಮಿಲಿಮೀಟರ್‌ವರೆಗೂ ಹೋಗುತ್ತದೆ, ಅಂದರೆ ಬೆನ್ನಿಂದ ಪಾದಕ್ಕೆ ಎರಡೂವರೆ ದಿನ.